ಟವೆಲ್ಲಿನ ಕೆಳಗಿನ ಎರಡು ಬೆರಳು

ನಾನು ಎತ್ತಿನ ದಲಾಲಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ಊರಿನ ದನದ ಸಂತೆಗಳಲ್ಲಿ ಹದಿನೆಂಟು ವರ್ಷಗಳಿಂದ ತಿರುಗುತ್ತಿದ್ದೇನೆ. ಏಳನೆಯ ಇಯತ್ತೆಯ ಪರೀಕ್ಷೆಯ ದಿನ ಸಾಲೆಗೆ ಹೋಗದೆ ಸೋದರಮಾವನ ಬೆನ್ನು ಹತ್ತಿ ಸಿಂದಗಿ ಸಂತೆಗೆ ಹೋಗಿದ್ದೆ. ಮರುದಿನ ಮಾಸ್ತರರು ಮನೆಯ ಬಾಗಿಲಿಗೇ ಬಂದರು. ಹೊಟ್ಟೆ ನೋಯುತ್ತಿತ್ತೆಂದು ಹೇಳಿದೆ. ಅವರು ನನ್ನ ಅಂಗಿಗೆ ಮೆತ್ತಿದ್ದ ಸಗಣಿಯನ್ನು ನೋಡಿ, "ಹೊಟ್ಟಿನೋವಿಗೆ ಬಾಲ ಬ್ಯಾರೆ ಇತ್ತೇನೋ?" ಎಂದು ಕೇಳಿದರು. ನನ್ನ ಓದು ಅಲ್ಲಿಗೆ ಮುಗಿಯಿತು. ಅದರ ಬಗ್ಗೆ ನನಗೇನೂ ದುಃಖವಿಲ್ಲ. ಇಲ್ಲಿ ಹೇಳಬೇಕಾದದ್ದು ನನ್ನ ಓದಿನ ಮಾತಲ್ಲ, ನನ್ನ ತಂಗಿಯ ಓದಿನಿಂದ ಒಂದು ವರ್ಷವನ್ನು ನಾನು ಹೇಗೆ ಕದ್ದೆ ಎಂಬ ಮಾತು.

ಮೊದಲು ಟವೆಲ್ಲಿನ ವಿಷಯ. ನಮ್ಮ ಧಂದೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಮಾರುವವನ ಕೈ ಮತ್ತು ದಲಾಲಿಯ ಕೈ ಎರಡರ ಮೇಲೂ ಒಂದು ಟವೆಲ್ ಹಾಕಿ, ಅದರ ಕೆಳಗೆ ಬೆರಳು ಹಿಡಿದು ತಿಳಿಸುತ್ತೇವೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು. ಆಮೇಲೆ ಅದೇ ಟವೆಲ್ಲಿನ ಕೆಳಗೆ ಕೊಳ್ಳುವವನ ಕೈ. ಸುತ್ತ ಎಷ್ಟೇ ಮಂದಿ ಕಣ್ಣು ಬಿಟ್ಟುಕೊಂಡು ನಿಂತಿದ್ದರೂ ಯಾರಿಗೂ ಏನೂ ತಿಳಿಯುವುದಿಲ್ಲ. ಕಡಿಮೆ ಕೇಳಿದವನಿಗೆ ನಾಚಿಕೆಯಿಲ್ಲ, ಹೆಚ್ಚು ಹೇಳಿದವನಿಗೆ ಬೈಗುಳವಿಲ್ಲ. ಬಾಯಿಂದ ನಾವು ಬೇಕಾದಷ್ಟು ಸುಳ್ಳು ಹೇಳುತ್ತೇವೆ. ಹಾಯುವ ಎತ್ತನ್ನು "ಕೂಸಿನಂಥಾದ್ದು" ಎನ್ನುತ್ತೇವೆ, ಹಲ್ಲು ಸವೆದ ಮುದಿ ಎತ್ತನ್ನು "ಇನ್ನೂ ಹರೇದಾಗ ಐತಿ" ಎನ್ನುತ್ತೇವೆ. ಕೇಳುವವನಿಗೂ ಅದು ಸುಳ್ಳೆಂದು ಗೊತ್ತಿರುತ್ತದೆ. ಅದು ನಮಸ್ಕಾರ ಹೇಳಿದಂತೆ, ಅಷ್ಟೆ. ಆದರೆ ಬೆರಳಿನಲ್ಲಿ ಸುಳ್ಳು ಹೇಳುವಂತಿಲ್ಲ. ಒಬ್ಬನು ಹಿಡಿದ ಬೆರಳನ್ನು ಇನ್ನೊಬ್ಬನಿಗೆ ಬದಲಿಸಿ ಹೇಳಿದ ದಲಾಲಿಗೆ ಆಮೇಲೆ ಯಾವ ಸಂತೆಯಲ್ಲೂ ಯಾರೂ ಕೈ ನೀಡುವುದಿಲ್ಲ. ಹದಿನೆಂಟು ವರ್ಷಗಳಲ್ಲಿ ನಾನು ಬೆರಳಿನ ಸುಳ್ಳು ಹೇಳಿದ್ದು ಒಂದೇ ಸಲ. ಅದು ಸಂತೆಯಲ್ಲಲ್ಲ, ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ.

ಇಂಡಿಯಿಂದ ಸಿಂದಗಿಗೆ ಹೋಗುವ ದಾರಿಯಲ್ಲಿ ನಮ್ಮ ಊರು. ಅಪ್ಪನಿಗೆ ನಿಂಬೆಯ ತೋಟ, ಅದರಾಚೆ ಒಂದಿಷ್ಟು ಕಪ್ಪು ಮಣ್ಣಿನ ಎರೆ ಹೊಲ. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿಯಾದ ಆಯಿ, ನಾನು, ತಂಗಿ. ತಂಗಿ ನನಗಿಂತ ಎಂಟು ವರ್ಷ ಚಿಕ್ಕವಳು. ಬೇಸಿಗೆಯಲ್ಲಿ ಎರೆ ನೆಲ ಬಾಯಿ ಬಿಟ್ಟಾಗ ಆ ಬಿರುಕಿಗೆ ಕೋಲು ಇಳಿಬಿಟ್ಟು ಎಷ್ಟು ಆಳವಿದೆಯೆಂದು ಅಳೆಯುವುದು ಆಕೆಯ ಚಿಕ್ಕಂದಿನ ಆಟ. ಒಮ್ಮೆ ಆಯಿಯ ಊರುಗೋಲನ್ನೇ ಇಳಿಬಿಟ್ಟು ಕಳೆದಳು. "ಮಳಿ ಬಂದ್ರ ಈ ಮಣ್ಣು ಉಬ್ಬತೈತಿ, ಬಿಸಿಲಿಗೆ ಒಡೀತೈತಿ. ಯಾಕ?" ಎಂದು ಆಕೆ ಕೇಳಿದರೆ ನಾನು, "ಅದರ ಖುಷಿ" ಎನ್ನುತ್ತಿದ್ದೆ. ಆ ಉತ್ತರ ಆಕೆಗೆ ಸಾಕಾಗಲಿಲ್ಲ. ವಿಜಯಪುರದಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿದಳು, ಕೊನೆಯ ವರ್ಷ ಮುಂದಿನ ಓದಿಗೆ ಬೇಕಾದ ಗೇಟ್ ಪರೀಕ್ಷೆಯನ್ನೂ ಬರೆದಳು.

ಹೋದ ವರ್ಷ ಕಾರಹುಣ್ಣಿಮೆ ಕಳೆದ ಮೇಲೆ ಒಂದೇ ವಾರದಲ್ಲಿ ಆಕೆಯ ಫೋನಿಗೆ ಎರಡು ಪತ್ರಗಳು ಬಂದವು. ಒಂದು ಆಲಮಟ್ಟಿಯದು. ಕಾಲುವೆ ದುರಸ್ತಿಯ ಗುತ್ತಿಗೆ ಹಿಡಿದವರ ಕಚೇರಿಯಲ್ಲಿ ಇಂಜಿನಿಯರ್ ಕೆಲಸ. ಇನ್ನೊಂದು ಒಂದೂವರೆ ದಿನ ರೈಲಿನಲ್ಲಿ ಹೋಗಬೇಕಾದ ಊರಿನ ಸರ್ಕಾರಿ ಕಾಲೇಜಿನಿಂದ, ಎಂ.ಟೆಕ್ ಸೀಟು. ಅಲ್ಲಿ ನಮ್ಮ ಎರೆ ಮಣ್ಣಿನಂಥ ಮಣ್ಣಿನ ಮೇಲೇ ಜೀವಮಾನ ಕಳೆದ ಒಬ್ಬ ಪ್ರಾಧ್ಯಾಪಕರಿದ್ದರು. ತಂಗಿ ಅವರಿಗೆ ಪತ್ರ ಬರೆದಿದ್ದಳು, ಅವರು ಬಾ ಎಂದು ಉತ್ತರ ಬರೆದಿದ್ದರು. ಓದುವವರಿಗೆ ತಿಂಗಳಿಗಿಷ್ಟು ಎಂದು ಸರ್ಕಾರವೇ ಕೊಡುವುದರಿಂದ ಖರ್ಚಿನ ತಕರಾರು ತೆಗೆಯಲು ಅಪ್ಪನಿಗೂ ದಾರಿಯಿರಲಿಲ್ಲ. ಎರಡಕ್ಕೂ ಹತ್ತು ದಿನದೊಳಗೆ ಉತ್ತರ ಕೊಡಬೇಕಿತ್ತು.

ನನ್ನ ಬಾಯಿಗೆ ಹತ್ತು ದಿನ ತಾಳ್ಮೆ ಎಲ್ಲಿಂದ ಬರಬೇಕು. ಪತ್ರ ಬಂದ ಮರುದಿನ ಬಾಗೇವಾಡಿ ಸಂತೆಯಲ್ಲಿ ಚಹಾ ಕುಡಿಯುತ್ತ, "ನಮ್ಮ ತಂಗಿ ಆಲಮಟ್ಟಿಗೆ ಇಂಜಿನಿಯರ್ ಆದ್ಲು" ಎಂದುಬಿಟ್ಟೆ.

"ಡ್ಯಾಮಿಗೇನು?" ಎಂದು ಒಬ್ಬ ಕೇಳಿದ.

"ಡ್ಯಾಮಿಗಂತನಽ ತಿಳಕೋರಿ."

ಮುದ್ದೇಬಿಹಾಳದ ಕಡೆಯ ರೈತನೊಬ್ಬ ಚಹಾದ ಕಪ್ಪನ್ನು ಕೆಳಗಿಟ್ಟು ಹತ್ತಿರ ಸರಿದ. "ಹಂಗಾರ ನಮ್ಮ ಕಾಲುವಿಗೆ ಒಂಚೂರು ನೀರು ಬಿಡಸ್ರಿ ಮಾರಾಯ್ರ. ತುದೀಗಿರೋರು ನಾವು. ಮ್ಯಾಲಿನವರು ಕುಡದು, ಮೈ ತೊಳಕೊಂಡು, ಎಮ್ಮಿ ಈಸಾಡಿಸಿ ಉಳದದ್ದು ನಮಗ."

"ಆತು ಬಿಡ್ರಿ, ಹೇಳ್ತೇನಿ" ಎಂದೆ. ಯಾರಿಗೆ ಹೇಳಬೇಕೆಂದು ನನಗೇ ಗೊತ್ತಿರಲಿಲ್ಲ.

ಪ್ರತಿ ವರ್ಷ ಬಿಡುವಂತೆ ಅದೇ ವಾರ ಕಾಲುವೆಗೆ ನೀರು ಬಿಟ್ಟರು. ಮುಂದಿನ ಮುದ್ದೇಬಿಹಾಳ ಸಂತೆಯಲ್ಲಿ ಆ ರೈತ ನನ್ನ ಎರಡೂ ಕೈ ಹಿಡಿದು, "ಬಾಯಿಸಾಹೇಬ್ರಿಗೆ ನಮ್ಮ ಶರಣಾರ್ಥಿ ಹೇಳ್ರಿ" ಎಂದ. ಆಕೆ ಇನ್ನೂ ಕೆಲಸಕ್ಕೆ ಹೂಂ ಎಂದಿರಲೇ ಇಲ್ಲ, ನಾನಾಗಲೇ ನೀರು ಬಿಡಿಸಿದ್ದೆ. ಇಂಡಿ ಸಂತೆಯಲ್ಲಿ ಹಲಸಂಗಿಯ ದೊಡ್ಡ ರೈತರೊಬ್ಬರು ಚಹಾದಂಗಡಿಯವನಿಂದ ಕುರ್ಚಿ ತರಿಸಿ ನನ್ನನ್ನು ಕೂರಿಸಿದರು. ದನದ ಸಂತೆಯಲ್ಲಿ ದಲಾಲಿ ಕುರ್ಚಿಯ ಮೇಲೆ ಕೂತದ್ದನ್ನು ಎತ್ತುಗಳೂ ತಿರುತಿರುಗಿ ನೋಡಿದವು. ಚಡಚಣದ ಕಡೆಯಿಂದ ನನಗೊಂದು ಹೆಣ್ಣಿನ ಮಾತು ಬಂತು. ಎರಡು ವರ್ಷದ ಹಿಂದೆ, "ಎತ್ತಿನ ಬಾಯಾಗ ಕೈ ಹಾಕಾವ್ಗ ನಮ್ಮ ಹುಡುಗಿ ಕೊಡಂಗಿಲ್ಲ" ಎಂದಿದ್ದವರು ಅವರೇ. ಈಗ ಅದೇ ಕೈ ಅಣೆಕಟ್ಟೆಯ ಬಾಗಿಲು ತೆಗೆಯುತ್ತದೆಂಬ ಸುದ್ದಿ ಅವರಿಗೂ ಮುಟ್ಟಿತ್ತು.

ಮನೆಯಲ್ಲಿ ಜಗಳ ಎಂಟು ದಿನ ನಡೆಯಿತು. ಜಗಳವೆಂದರೆ ಅಪ್ಪನೊಬ್ಬನದೇ. ನಿಂಬೆಗಿಡದ ಮುಳ್ಳು ತೆಗೆಯುತ್ತಲೂ ಅದೇ, ಉಣ್ಣುತ್ತಲೂ ಅದೇ. "ನೌಕರಿ ಮನಿ ಬಾಗಲಿಗೆ ಬಂದು ನಿಂತೈತಿ. ಇನ್ನೂ ಎಷ್ಟು ಓದ್ತಿ? ನಾಲ್ಕು ವರ್ಷ ಓದಿದ್ದು ಸಾಲಲಿಲ್ಲೇನು?"

ಅವ್ವನನ್ನು ಕೇಳಿದರೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ನಿಮ್ಮಪ್ಪ ಅಂದಂಗ" ಎನ್ನುತ್ತಿದ್ದಳು. ರೊಟ್ಟಿ ಮಾತ್ರ ಎಂದಿಗಿಂತ ಜೋರಾಗಿ ಬಡಿಸಿಕೊಳ್ಳುತ್ತಿತ್ತು.

ಆಯಿ ಒಂದು ದಿನ, "ಎಂ.ಟೆಕ್ಕು ಅಂದ್ರ ಏನಽ?" ಎಂದು ಕೇಳಿದಳು.

"ಇನ್ನೂ ಎರಡು ವರ್ಷದ ಸಾಲಿ, ಆಯಿ" ಎಂದಳು ತಂಗಿ.

"ಮಾಸ್ತರು ಹೊಡೀತಾರೇನು?"

"ಇಲ್ಲಬೇ."

"ಹಂಗಾರ ಹೋಗಾಕೇನು ಧಾಡಿ?"

ಅಪ್ಪ ಕಣ್ಣು ಕೆಕ್ಕರಿಸಿದ. ಆಯಿ ಗೋಡೆಯ ಕಡೆ ಹೊರಳಿ ಗೊರಕೆ ಹೊಡೆಯತೊಡಗಿದಳು.

ತಂಗಿ ಹಟ ಮಾಡುವವಳಲ್ಲ. ಹಟ ಮಾಡಿದ್ದರೆ ನನಗೆ ಪಾಪ ಹತ್ತುತ್ತಿರಲಿಲ್ಲ. ಎಂಟನೆಯ ದಿನ ಸಂಜೆ ಎಲ್ಲರೂ ಕಟ್ಟೆಯ ಮೇಲೆ ಕೂತಾಗ ಆಕೆ ಹೇಳಿದಳು, "ಮನಿಯವರು ಏನಂತೀರಿ ಅದು. ಆದ್ರ ಎಲ್ಲಾರೂ ಹೇಳಬೇಕು. ಅಪ್ಪಾ ಒದರೋದು, ಉಳದವರು ಗೋಣು ಹಾಕೋದು, ಹಂಗ ಬ್ಯಾಡ."

ಅಪ್ಪನ ಮುಂದೆ ಯಾರು ಬಾಯಿ ಬಿಡುತ್ತಾರೆ? ಆಗ ನನ್ನ ಜಾಣತನ ಎದ್ದು ನಿಂತಿತು. ಹೆಗಲ ಮೇಲಿನ ಟವೆಲ್ ತೆಗೆದು ಝಾಡಿಸಿದೆ. "ಬಾಯಲೆ ಹೇಳಾಕ ಆಗಲಾರದ್ದಕ್ಕಽ ಇದು ಇರೋದು. ಒಬ್ಬೊಬ್ರಽ ಬರ್ರಿ. ನೌಕರಿ ಅನ್ನೋರು ನನ್ನ ಒಂದು ಬೆರಳು ಹಿಡೀರಿ, ಓದು ಅನ್ನೋರು ಎರಡು. ಯಾರು ಎಷ್ಟು ಹಿಡಿದ್ರಿ ಅಂತ ನಾ ಹೇಳಂಗಿಲ್ಲ. ನೀವೂ ಒಬ್ರಿಗೊಬ್ರು ಹೇಳಬಾರದು. ದಲಾಲಿ ಫೈಸಲಾ ಅಷ್ಟಽ ಹೇಳ್ತಾನ."

"ಮನಿ ಏನು ಸಂತಿ ಆತೇನು?" ಎಂದು ಅಪ್ಪ ಗೊಣಗಿದ. ಆದರೂ ಮೊದಲು ಎದ್ದು ಬಂದವನು ಅವನೇ.

ನಾನು ಅಂದುಕೊಂಡಿದ್ದ ಲೆಕ್ಕ ಹೀಗಿತ್ತು: ಅಪ್ಪ ಒಂದು, ಅಪ್ಪನ ಹಿಂದೆ ಅವ್ವ ಒಂದು, ಮಗನ ಕೆಕ್ಕರಗಣ್ಣಿಗೆ ಹೆದರಿ ಆಯಿಯೂ ಒಂದು, ತಂಗಿ ಎರಡು. ನೌಕರಿ ತಾನಾಗಿಯೇ ಗೆಲ್ಲುತ್ತದೆ, ನನ್ನ ಕುರ್ಚಿ ಉಳಿಯುತ್ತದೆ, ನನ್ನ ಕೈಗೆ ಕೊಳೆಯೂ ಹತ್ತುವುದಿಲ್ಲ.

ಅಪ್ಪ ಟವೆಲ್ಲಿನ ಕೆಳಗೆ ಕೈ ತೂರಿಸಿ, ನಿಂಬೆಯ ತೋಟದ ಕಡೆ ಮುಖ ತಿರುಗಿಸಿ ನಿಂತ. ಅವನ ಒರಟು ಕೈ ನನ್ನ ತೋರುಬೆರಳನ್ನು ಹಿಡಿಯಿತು. ಸರಿ ಎಂದುಕೊಂಡೆ. ಆಮೇಲೆ ಅದು ಸ್ವಲ್ಪ ತಡೆದು ಪಕ್ಕದ ಬೆರಳನ್ನೂ ಸೇರಿಸಿ ಹಿಡಿಯಿತು. ನಾನು ಬೆಚ್ಚಿಬಿದ್ದೆ. ಮುಖ ನೋಡಿದೆ. ಅಪ್ಪ ಇನ್ನೂ ತೋಟದ ಕಡೆಯೇ ನೋಡುತ್ತಿದ್ದ. "ಆತೇನು?" ಎಂದು ಗದರಿಸಿ, ಕೈ ಕಿತ್ತುಕೊಂಡು ಹೋಗಿ ಕೂತ.

ಅವ್ವ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದಳು. ಎರಡು. ಹಿಡಿದು ಒಮ್ಮೆ ಅಲುಗಾಡಿಸಿದಳು ಕೂಡ, ನನಗೆ ತಿಳಿಯಲಿಲ್ಲವೇನೋ ಎಂಬಂತೆ.

ಆಯಿ ನನ್ನ ಐದೂ ಬೆರಳನ್ನು ಮುಷ್ಟಿಯಲ್ಲಿ ಹಿಡಿದಳು.

"ಆಯಿ, ಹಿಂಗ ನಡಿಯಂಗಿಲ್ಲ" ಎಂದು ಕಿವಿಯಲ್ಲಿ ಹೇಳಿದೆ.

"ಯಾಕ ನಡಿಯಂಗಿಲ್ಲ? ನಡೀತೈತಿ. ನಿನ್ನ ಟಾವೆಲ್ಲೂ ನಾರತೈತಿ, ನಿನ್ನ ಕಾಯ್ದೇನೂ ನಾರತೈತಿ" ಎಂದು ಊರಿಗೆಲ್ಲ ಕೇಳುವಂತೆ ಹೇಳಿ ಹೋದಳು.

ಕೊನೆಗೆ ತಂಗಿ. ಸಂತೆಯಲ್ಲಿ ನಾನು ಸಾವಿರಾರು ಕೈ ಹಿಡಿದಿದ್ದೇನೆ. ಮನಸ್ಸಿಲ್ಲದೆ ಎತ್ತು ಮಾರುವವನ ಕೈ ಸಡಿಲಾಗಿರುತ್ತದೆ, ಮನೆಯಲ್ಲಿ ಹೆಂಡತಿಯ ಜೊತೆ ಜಗಳಾಡಿ ಬಂದವನ ಕೈ ಬೆವೆತಿರುತ್ತದೆ. ತಂಗಿಯ ಕೈ ತಣ್ಣಗಿತ್ತು. ಎರಡು ಬೆರಳನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ನನ್ನ ಗಿಣ್ಣು ನೊಂದಿತು. ಬಿಟ್ಟ ಮೇಲೆ ನನ್ನ ಮುಖ ನೋಡಿ ಸ್ವಲ್ಪ ನಕ್ಕಳು. ನನಗಾದರೂ ತಿಳಿಯಿತಲ್ಲ ಎಂಬ ಸಮಾಧಾನದ ನಗು ಅದು.

ಒಬ್ಬರೂ ಒಂದು ಹಿಡಿದಿರಲಿಲ್ಲ.

ನಾನು ಟವೆಲ್ ಮಡಚಿದೆ. ಮಡಚುವಷ್ಟು ಹೊತ್ತಿನಲ್ಲಿ ಬಾಗೇವಾಡಿಯ ಚಹಾದಂಗಡಿ, ಇಂಡಿಯ ಕುರ್ಚಿ, ಮುದ್ದೇಬಿಹಾಳದ ಕಾಲುವೆ, ಚಡಚಣದ ಹುಡುಗಿ, ಎಲ್ಲವೂ ಕಣ್ಣ ಮುಂದೆ ಬಂದವು. ಮುಂದಿನ ವಾರ ಅವರೆಲ್ಲರ ಮುಂದೆ ನಿಂತು, ಇಲ್ಲ, ಆಕೆ ಡ್ಯಾಮಿಗೆ ಹೋಗಲಿಲ್ಲ, ಮತ್ತೆ ಸಾಲೆಗೆ ಹೋದಳು ಎಂದು ಹೇಳುವುದೇ? ಇವು ನಾನು ಎಲ್ಲರಿಗೂ ಹೇಳಿಕೊಳ್ಳಬಹುದಾದ ಕಾರಣಗಳು. ಹೇಳಿಕೊಳ್ಳಲಾಗದ್ದು ಇನ್ನೊಂದಿತ್ತು. ತಂಗಿಗೆ ಒಂದರಿಂದ ನೂರರವರೆಗೆ ಎಣಿಸಲು ಕಲಿಸಿದವನು ನಾನು. ಆಮೇಲೆ ವರ್ಷ ವರ್ಷಕ್ಕೂ ಆಕೆ ಓದುವುದು ನನಗೆ ಕಡಿಮೆ ಕಡಿಮೆ ತಿಳಿಯುತ್ತ ಹೋಯಿತು. ಕೊನೆಕೊನೆಗೆ ಆಕೆಯ ಪುಸ್ತಕವನ್ನು ತಲೆಕೆಳಗಾಗಿ ಹಿಡಿದರೂ ನನಗೆ ಒಂದೇ. ಆಕೆ ನೌಕರಿ ಹಿಡಿದರೆ ನನ್ನ ಓದು ಏಳನೆಯ ಇಯತ್ತೆಗೆ ಮುಗಿದಂತೆ ಆಕೆಯದೂ ಮುಗಿಯುತ್ತದೆ, ಇಬ್ಬರೂ ಓದು ಬಿಟ್ಟವರಾಗುತ್ತೇವೆ ಎಂದು ನನ್ನೊಳಗೆ ಯಾವನೋ ಒಬ್ಬ ಲೆಕ್ಕ ಹಾಕಿದ. ಆ ಯಾವನೋ ನಾನೇ.

"ನೌಕರಿ" ಎಂದೆ.

ಅವ್ವ ಸೆರಗಿನಿಂದ ಮತ್ತೊಮ್ಮೆ ಕೈ ಒರೆಸಿಕೊಂಡಳು, ಆಗಲೇ ಒರೆಸಿದ್ದ ಕೈಯನ್ನು. ಅಪ್ಪ, ಎಂಟು ದಿನ ನೌಕರಿ ನೌಕರಿ ಎಂದು ಒದರಿದ್ದವನು, ಗೆದ್ದೆನೆಂದು ಮೀಸೆ ತಿರುವಬೇಕಿತ್ತು. ಅವನು ಕೆಮ್ಮಿದ. ಆಯಿ, "ನನ್ನ ಐದು ಎತ್ತಾಗ ಹೋದ್ವು?" ಎಂದಳು. "ಐದು ಬಾತಲ್, ಲೆಕ್ಕಕ್ಕಿಲ್ಲ" ಎಂದೆ. ಪ್ರತಿಯೊಬ್ಬರೂ, ತಾವೊಬ್ಬರೇ ಎರಡು ಹಿಡಿದವರು, ಉಳಿದವರಿಗೆಲ್ಲ ನೌಕರಿಯೇ ಬೇಕಿತ್ತು ಎಂದುಕೊಂಡರು. ಬಾಯಿ ಬಿಡಬಾರದೆಂದು ನಾನೇ ಕಟ್ಟಳೆ ಹಾಕಿದ್ದೆನಲ್ಲ, ಆಯಿಯೊಬ್ಬಳನ್ನು ಬಿಟ್ಟರೆ ಯಾರೂ ಬಿಡಲಿಲ್ಲ. ತಂಗಿ ಮಾತ್ರ, "ಎಲ್ಲಾರೂ?" ಎಂದು ಕೇಳಿದಳು.

"ಅಂಕಿ ಹೇಳಂಗಿಲ್ಲ ತಂಗಿ, ಧಂದೇದ ಮಾತು."

"ಆತು" ಎಂದಳು. ಅಷ್ಟೇ. ಮರುದಿನ ಸೀಟು ಬೇಡವೆಂದು ಬರೆದಳು, ಮುಂದಿನ ಸೋಮವಾರ ಆಲಮಟ್ಟಿಗೆ ಹೋದಳು.

ಮೊದಲ ಎರಡು ತಿಂಗಳು ನಾನು ಮೆರೆದೆ. ಸುಳ್ಳು ಹೇಳುವುದಿಲ್ಲ, ಚೆನ್ನಾಗಿಯೇ ಮೆರೆದೆ. ಸಿಂದಗಿಯಲ್ಲಿ ಒಬ್ಬ ತನ್ನ ಕೊಳವೆಬಾವಿಯಲ್ಲಿ ನೀರು ಬಿದ್ದದ್ದಕ್ಕೂ ನನಗೆ ಚಹಾ ಕುಡಿಸಿದ. ಅದಕ್ಕೂ ನಮಗೂ ಏನು ಸಂಬಂಧವೆಂದು ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಚಡಚಣದ ಸಂಬಂಧ ಮಾತ್ರ ಕೂಡಿಬರಲಿಲ್ಲ. ಹುಡುಗಿ ಫೋನಿನಲ್ಲಿ, "ನೀವು ಏನು ಓದೀರಿ?" ಎಂದು ಕೇಳಿದಳು. "ಎತ್ತಿನ ಹಲ್ಲು ಓದ್ತೇನಿ" ಎಂದೆ. ಆಮೇಲೆ ಆ ಕಡೆಯಿಂದ ಸುದ್ದಿಯಿಲ್ಲ.

ಚಳಿಗಾಲದಲ್ಲಿ ಬಾಗೇವಾಡಿ ಸಂತೆ ಮುಗಿಸಿ, ಅವ್ವ ಕೊಟ್ಟ ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ ಕಟ್ಟಿಕೊಂಡು ಆಲಮಟ್ಟಿಗೆ ಹೋದೆ. ತಂಗಿ ಕಾಲುವೆಯ ಏರಿಯ ಮೇಲೆ ಹಳದಿ ಟೋಪಿ ಹಾಕಿಕೊಂಡು, ಕೆಲಸದವರನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದಳು. ಹಾಜರಿಗಾಗಿ ದಿನಕ್ಕೆ ಎರಡು ಸಲ ಫೋಟೋ ತೆಗೆದು ಕಚೇರಿಗೆ ಕಳಿಸಬೇಕು. ಅದೇ ಆಕೆಯ ಮುಖ್ಯ ಕೆಲಸ.

"ಇಂಜಿನಿಯರ್ ಕೆಲಸ ಯಾವಾಗ ಮಾಡ್ತಿ?" ಎಂದೆ.

"ಇದಽ ಅದು" ಎಂದು ನಕ್ಕು, ನನ್ನನ್ನು ಕಾಲುವೆಯ ಗೋಡೆಯ ಹತ್ತಿರ ಕರೆದುಕೊಂಡು ಹೋದಳು. ಕಾಂಕ್ರೀಟಿನ ಹಾಸು ಅಡ್ಡಡ್ಡ ಸೀಳಿತ್ತು. ಸೀಳಿನಲ್ಲಿ ಕಪ್ಪು ಮಣ್ಣು ಕಾಣುತ್ತಿತ್ತು. "ನೋಡು, ಇದು ಮೂರನೇ ಸಲ ಒಡದದ್ದಂತ. ಕೆಳಗ ನಮ್ಮ ಎರಿ. ಉಬ್ಬಿ ಉಬ್ಬಿ ನೂಕತೈತಿ. ನಮ್ಮ ಮ್ಯಾಲಿನ ಸಾಹೇಬ್ರಿಗೆ ಕೇಳಿದೆ, ಇದಕ್ಕೇನರ ಬ್ಯಾರೆ ಮಾಡಬೇಕಲ್ರೀ ಅಂತ."

"ಏನಂದ್ರು?"

"ಅದನ್ನ ತಿಳಕೊಳ್ಳಾಕ ಎಂ.ಟೆಕ್ ಮಾಡಬೇಕಿತ್ತವ್ವಾ, ಇಲ್ಲಿ ಫೋಟೋ ತಗಿ ಅಂದ್ರು." ಆಕೆ ಅವರ ದನಿಯನ್ನೇ ಅನುಕರಿಸಿ ಹೇಳಿ ನಕ್ಕಳು. ನಾನೂ ನಗಬೇಕಿತ್ತು. ರೊಟ್ಟಿಯ ಗಂಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದೆ.

ಸಂಜೆ ಬಸ್ ನಿಲ್ದಾಣದ ಹತ್ತಿರ ಮಿರ್ಚಿ ಭಜಿ ತಿನ್ನಲು ಕೂತೆವು. ಗೇಟ್ ಪರೀಕ್ಷೆಯ ಅಂಕ ಮೂರು ವರ್ಷ ನಡೆಯುತ್ತದೆ ಎಂದು ಆಕೆ ಮಾತಿನಲ್ಲಿ ಮಾತು ಹೇಳಿದಳು. ಸ್ವಲ್ಪ ದಿನದಲ್ಲಿ ಮತ್ತೆ ಅರ್ಜಿ ತೆಗೆದುಕೊಳ್ಳುತ್ತಾರಂತೆ.

"ಮತ್ತ ಹಾಕು" ಎಂದೆ.

"ಹೆಂಗ ಹಾಕಲಿ? ಮನ್ಯಾಗ ಯಾರಿಗೂ ಮನಸಿಲ್ಲ. ಅಪ್ಪಗೂ ಇಲ್ಲ, ಅವ್ವಗೂ ಇಲ್ಲ, ಆಯೀದು ಬಾತಲ್. ನಾ ಒಬ್ಬಾಕಿ ಎರಡು ಹಿಡದದ್ದು. ನಿನಗ ಗೊತ್ತಿರೋದಽ ಐತೆಲ್ಲ."

ಆಕೆ ಅದನ್ನು ದೂರಿನಂತೆ ಹೇಳಲಿಲ್ಲ. ಮಳೆ ಬರಲಿಲ್ಲ ಎನ್ನುವಂತೆ ಹೇಳಿದಳು. ಐದು ತಿಂಗಳಿನಿಂದ ಆಕೆ ಹೀಗೆಂದುಕೊಂಡು ಆ ಏರಿಯ ಮೇಲೆ ಓಡಾಡುತ್ತಿದ್ದಾಳೆಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ನಾನು ಕದ್ದದ್ದು ಸೀಟು ಮಾತ್ರ ಎಂದುಕೊಂಡಿದ್ದೆ.

"ಎಲ್ಲಾರೂ ಎರಡಽ ಹಿಡಿದಿದ್ರು" ಎಂದೆ.

ಆಕೆಯ ಕೈಯ ಭಜಿ ಬಾಯಿಯ ಹತ್ತಿರ ನಿಂತಿತು. "ಏನಂದಿ?"

"ಎಲ್ಲಾರೂ ಎರಡು. ಆಯಿ ಐದು. ನಾ ಸುಳ್ಳು ಹೇಳಿದೆ."

"ಅಪ್ಪಾ?"

"ಎರಡು."

"ಅಪ್ಪಾ ಎರಡು ಹಿಡದಾನ?"

"ಮೊದಲು ಒಂದು ಹಿಡದ, ಆಮ್ಯಾಲೆ ಇನ್ನೊಂದು ಸೇರಿಸಿದ."

"ನಮ್ಮಪ್ಪಾ?" ಎಂದು ಆಕೆ ಮೂರನೆಯ ಸಲ ಕೇಳಿದಳು. ಆಕೆಯ ಕಣ್ಣು ತುಂಬಿದವು. ಮೆಣಸಿನಕಾಯಿಯ ಖಾರ ಎಂದು ಅಂಗಡಿಯವನು ನೀರು ತಂದಿಟ್ಟ. ಆಕೆ ನನ್ನನ್ನು ಬಯ್ಯಲಿಲ್ಲ. ನನ್ನ ತಾಟನ್ನು ತನ್ನ ಕಡೆ ಎಳೆದುಕೊಂಡು ನನ್ನ ಪಾಲಿನ ನಾಲ್ಕೂ ಭಜಿಯನ್ನು ಒಂದೊಂದಾಗಿ, ನಿಧಾನವಾಗಿ, ನನ್ನ ಮುಖ ನೋಡುತ್ತ ತಿಂದಳು. ಸಂತೆಯಲ್ಲಿ ಗೂಳಿ ಗುಮ್ಮಿದಾಗಲೂ ನನಗೆ ಅಷ್ಟು ಭಯವಾಗಿರಲಿಲ್ಲ.

"ಐತವಾರ ಬರ್ತೇನಿ" ಎಂದಳು ಕೈ ಒರೆಸಿಕೊಂಡು. "ಎಲ್ಲಾರ ಮುಂದ ನೀನಽ ಹೇಳಬೇಕು. ಬಾಯಲೆ."

ಹೇಳಿದೆ. ಕಟ್ಟೆಯ ಮೇಲೆ ಅಲ್ಲ, ಒಳಗೆ, ಕದ ಮುಂದೆ ಮಾಡಿಕೊಂಡು. ನನಗೆ ಬೀಳಬೇಕಿದ್ದ ಒದೆ ತಡವಾಗಿ ಬಿತ್ತು, ಯಾಕೆಂದರೆ ಮೊದಲು ಅವರವರಲ್ಲೇ ಹೊತ್ತಿಕೊಂಡಿತು.

"ನೀವು ಎರಡು ಹಿಡಿದಿದ್ರಿ?" ಎಂದು ಅವ್ವ ಅಪ್ಪನ ಕಡೆ ತಿರುಗಿದಳು. "ಹಂಗಾರ ಎಂಟು ದಿನ ನನ್ನ ತಲಿ ಯಾ ಪುರುಷಾರ್ಥಕ್ಕ ತಿಂದ್ರಿ?"

"ಒಮ್ಮಿ ಬಾಯಿಂದ ಬಂದ ಮ್ಯಾಲೆ ಹೆಂಗ ಹಿಂದ ತಗೊಳ್ಳೋದು? ಅದಕ್ಕಽ ಟಾವೆಲ್ ಹಾಕಿದ್ನೆಲ್ಲ ನಿನ್ನ ಮಗಾ. ಅದರ ಕೆಳಗ ತಗೊಂಡೆ. ನೀ ಯಾಕ ಬಾಯಿ ಬಿಡಲಿಲ್ಲ?"

"ನೀವು ಬಿಡಗೊಟ್ರ ತಾನಽ?"

ಆಯಿ ಅವರಿಬ್ಬರನ್ನೂ ದಾಟಿಕೊಂಡು ನನ್ನ ಹತ್ತಿರ ಬಂದು, ಊರುಗೋಲಿನಿಂದ ಮೊಣಕಾಲಿಗೆ ಐದು ಸಲ ಹೊಡೆದಳು. ಎಣಿಸಿಕೊಂಡೇ ಹೊಡೆದಳು. "ಈಗ ಬಾತಲ್ ಅನ್ನು ನೋಡೋಣ" ಎಂದಳು. ತಂಗಿ ಬಾಗಿಲಿಗೆ ಒರಗಿ ನಿಂತು ನಗುತ್ತಿದ್ದಳು. ಅಪ್ಪ ನನ್ನ ಜೊತೆ ಯುಗಾದಿಯವರೆಗೆ ಮಾತಾಡಲಿಲ್ಲ. ಏನಾದರೂ ಹೇಳಬೇಕಾದರೆ ಕೊಟ್ಟಿಗೆಯ ಎತ್ತಿಗೆ ಹೇಳುತ್ತಿದ್ದ, ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ.

ಇದೆಲ್ಲ ಸರಿಹೋಯಿತು ಎಂದು ಬರೆಯಲು ನನಗೆ ಆಸೆಯಿದೆ. ಪೂರ್ತಿ ಸರಿಹೋಗಲಿಲ್ಲ. ಅರ್ಜಿ ಹಾಕುವ ಕಾಲ ಬಂದಾಗ ತಂಗಿ ಎಲ್ಲ ಕಡೆ ಹಾಕಿದಳು. ಆ ಮೊದಲಿನ ಕಾಲೇಜಿನಲ್ಲಿ ಈ ಸಲ ಸೀಟು ಸಿಗಲಿಲ್ಲ, ಅಂಕದ ಗೆರೆ ಮೇಲೆ ಹೋಗಿತ್ತು. ಸಿಕ್ಕಿದ್ದರೂ ಎರೆ ಮಣ್ಣಿನ ಆ ಪ್ರಾಧ್ಯಾಪಕರು ಅಲ್ಲಿರಲಿಲ್ಲ, ಅದೇ ವರ್ಷ ನಿವೃತ್ತರಾಗಿದ್ದರು. ಸಿಕ್ಕದ್ದು ಇನ್ನೂ ದೂರದ, ಅಷ್ಟು ಹೆಸರಿಲ್ಲದ ಕಾಲೇಜು. ಅಲ್ಲಿ ಬಂಡೆ, ಸುರಂಗ ಇಂಥವುಗಳ ಓದು. "ಬಂಡೀನೂ ಒಡಿಯೋದಽ" ಎಂದು ಆಕೆ ನನ್ನ ಸಮಾಧಾನಕ್ಕೆ ಹೇಳುತ್ತಾಳೆ. ಸಮಾಧಾನ ಹೇಳಬೇಕಾದವನು ನಾನು ಎಂಬುದು ಇಬ್ಬರಿಗೂ ಗೊತ್ತು.

ಈ ಸಲ ಆಕೆ ಯಾರನ್ನೂ ಕೇಳಲಿಲ್ಲ. ಒಂದು ಐತವಾರ ಆಲಮಟ್ಟಿಯಿಂದ ಬಂದು, ಉಂಡು, ತಾಟು ತೊಳೆದಿಟ್ಟು, "ನೌಕರಿ ಬಿಡಾಕತ್ತೇನಿ. ಮುಂದಿನ ವಾರ ಓದಾಕ ಹೋಗ್ತೇನಿ. ಸೀಟು ಪಕ್ಕಾ ಮಾಡೇನಿ" ಎಂದಳು.

ಅಪ್ಪನಿಗೆ ಸಂತೋಷವೇ. ಆದರೂ ಹಿರಿಯತನ ಎಂಬುದೊಂದು ಇರುತ್ತದಲ್ಲ. "ಅಲ್ಲಾ, ಮನಿಯವರನ್ನ ಒಂದು ಮಾತು ಕೇಳಬೇಕಿಲ್ಲೇನು?" ಎಂದ.

"ಕೇಳಿದ್ನೆಲ್ಲಪಾ, ಹೋದ ವರ್ಷ. ಎಲ್ಲಾರೂ ಹೂಂ ಅಂದೀರಿ. ಬಂದು ಮುಟ್ಟಾಕ ಸ್ವಲ್ಪ ತಡ ಆತು, ಅಷ್ಟಽ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ಉಪ್ಪಿನಕಾಯಿ ನೋಡಿದೆ.

ಸಂತೆಗಳಲ್ಲಿ ಹೇಳಬೇಕಾದ್ದನ್ನೂ ಹೇಳಿದೆ, ಆಕೆ ಹೇಳೆಂದು ಒತ್ತಾಯ ಮಾಡಲಿಲ್ಲ. ನಾಲ್ಕೂ ಸಂತೆಯಲ್ಲಿ, ನಾಲ್ಕು ವಾರ. "ಬಾಯಿಸಾಹೇಬ್ರು ಹೆಂಗದಾರ?" ಎಂದರೆ, "ಮತ್ತ ಸಾಲಿಗೆ ಹೋಗಾಕತ್ಯಾಳ್ರಿ" ಎನ್ನುತ್ತಿದ್ದೆ. "ಯಾಕ, ಫೇಲಾಗಿದ್ಲೇನು?" ಎಂದು ಕೇಳುತ್ತಿದ್ದರು. ಫೇಲಾದವನು ಯಾರೆಂದು ಮೊದಲಿಂದ ಬಿಡಿಸಿ ಹೇಳಬೇಕಾಗುತ್ತಿತ್ತು. ಮುದ್ದೇಬಿಹಾಳದ ರೈತನಿಗೆ ನೀರು ನಾನು ಬಿಡಿಸಿದ್ದಲ್ಲವೆಂದರೆ ಅವನು ಇಂದಿಗೂ ನಂಬುವುದಿಲ್ಲ. ಬೆರಳಿನ ಸುಳ್ಳಿನ ಸಂಗತಿಯನ್ನು ಮಾತ್ರ ಅಲ್ಲಿ ಹೇಳಿರಲಿಲ್ಲ, ಈಗ ಬರೆದಿದ್ದೇನೆ. ಇನ್ನು ಮುಂದೆ ಕೈ ನೀಡುವುದು ಬಿಡುವುದು ಅವರಿಗೆ ಸೇರಿದ್ದು.

ಆಲಮಟ್ಟಿಯ ಕೋಣೆ ಖಾಲಿ ಮಾಡಲು ಎತ್ತು ಸಾಗಿಸುವ ಟೆಂಪೋ ತೆಗೆದುಕೊಂಡು ಹೋಗಿದ್ದೆ. ತೊಳೆದಿದ್ದೆ, ಆದರೂ ವಾಸನೆ ಹೋಗಿರಲಿಲ್ಲ. ಆಕೆಯ ಮಂಚ, ಪುಸ್ತಕದ ಡಬ್ಬಿಗಳು, ಹಾಸಿಗೆ, ಒಂದು ಬಕೆಟ್ಟು, ಎಲ್ಲವನ್ನೂ ಹಗ್ಗದಿಂದ ಬಿಗಿದೆ. ತಂಗಿ ಮುಂದೆ ನನ್ನ ಪಕ್ಕ ಕೂತಳು. ಬಾಗೇವಾಡಿ ದಾಟುವವರೆಗೆ ಆ ಮಾತು ಈ ಮಾತು ನಡೆಯಿತು. ರಸ್ತೆಯ ಎರಡೂ ಬದಿ ತೊಗರಿ ಮೊಳೆತಿತ್ತು.

"ಅಣ್ಣಾ, ಒಂದು ಕೇಳ್ತೇನಿ. ಖರೇ ಹೇಳಬೇಕು."

"ಕೇಳು."

"ಅವತ್ತು ಎಲ್ಲಾರದೂ ನೀ ತಿಳಕೊಂಡಿ. ನಿಂದು ಯಾರೂ ಕೇಳಲೇ ಇಲ್ಲ. ನಿನ್ನನ್ನ ಕೇಳಿದ್ರ ಎಷ್ಟು ಹಿಡೀತಿದ್ದಿ?"

ಎದುರಿಗೆ ಮೇವಿನ ಟ್ರ್ಯಾಕ್ಟರ್ ಬಂತು. ಅದು ದಾಟಿ ಹೋಗುವವರೆಗೆ ನನಗೆ ಸಮಯ ಸಿಕ್ಕಿತು. ಹೇಳಲು ಸುಳ್ಳುಗಳು ಬಾಯಿಯ ತುದಿಯಲ್ಲೇ ಇದ್ದವು, ಒಂದಕ್ಕಿಂತ ಒಂದು ಚೆಂದದವು.

"ಒಂದು" ಎಂದೆ.

"ಈಗ ಕೇಳಿದ್ರ?"

"ಈಗೂ ಒಂದಽ. ನೀ ಹೋಗೋದು ನನಗ ಮನಸಿಲ್ಲ."

ಆಕೆ ಕಿಟಕಿಯ ಕಡೆ ಮುಖ ತಿರುಗಿಸಿದಳು. ನಗುತ್ತಿದ್ದಳೋ ಏನೋ, ಭುಜ ಅಲುಗುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ, "ಇದನ್ನಽ ಅವತ್ತು ಬಾಯಲೆ ಹೇಳಿದ್ರ ನಾ ಜಗಳಾ ಮಾಡಿ ಹೋಗ್ತಿದ್ನೆಲ್ಲೋ, ಹುಚ್ಚಪ್ಪಾ" ಎಂದಳು. ಆಮೇಲೆ ಹಿಂದೆ ತಿರುಗಿ ನೋಡಿ, "ಜಲ್ದಿ ಹೊಡಿ. ಹಾಸಗೀಗೆ ಸಗಣಿ ಹತ್ತಿತ್ತಂದ್ರ ನಿನ್ನ ಕೈಲೇನಽ ತೊಳಸ್ತೇನಿ" ಎಂದಳು.